ರಸ್ತೆ ಹಾಕಿದ ಸಿಪಾಯಿ: ಖಡಕಿಯ ಬಾಂಬೆ ಸ್ಯಾಪರ್ಸ್ ಬಗ್ಗೆ ಒಂದು ಪ್ರಶ್ನೆ, ಒಂದು ಉತ್ತರ

ಪ್ರಶ್ನೆ: ನಾವು ಪುಣೆಯ ದಾಪೋಡಿಯಲ್ಲಿ ನೆಲೆಸಿರುವ ಕನ್ನಡಿಗರು. ನಮ್ಮ ತಾಯಿಯ ತಂದೆ ಬಾಗಲಕೋಟೆ ಹತ್ತಿರದ ಹಳ್ಳಿಯವರು. ಎರಡನೇ ಮಹಾಯುದ್ಧದ ಕಾಲಕ್ಕೆ ಇಲ್ಲೇ ಪಕ್ಕದ ಖಡಕಿಗೆ ಬಂದು ಸೇನೆಯ ಎಂಜಿನಿಯರ್ ಪಲ್ಟಣವಾದ ಬಾಂಬೆ ಸ್ಯಾಪರ್ಸ್ ಸೇರಿದರಂತೆ, ಬರ್ಮಾಕ್ಕೂ ಹೋಗಿದ್ದರಂತೆ. ಅವರ ಟ್ರಂಕಿನಲ್ಲಿ ನಕ್ಷತ್ರದ ಆಕಾರದ ಒಂದು ಪದಕ, ಒಂದು ನೋಟ್‌ಬುಕ್ ಸಿಕ್ಕಿವೆ. ನೋಟ್‌ಬುಕ್ಕಿನ ಅಕ್ಷರ ಇಂಗ್ಲಿಷ್, ಭಾಷೆ ಇಂಗ್ಲಿಷ್ ಅಲ್ಲ. ಎರಡರ ಫೋಟೋ ಕಳಿಸಿದ್ದೇನೆ. ಮನೆಯಲ್ಲಿ ಎಲ್ಲರೂ ‘ಅಜ್ಜ ರಸ್ತೆ ಹಾಕ್ತಿದ್ದ, ಲಡಾಯಿ ಮಾಡಲಿಲ್ಲ’ ಅನ್ನುತ್ತಾರೆ. ಅದು ಮರಾಠಿಗರ ಪಲ್ಟಣವಲ್ಲವೇ, ಅಲ್ಲಿ ನಮ್ಮವರು ಹೇಗೆ ಹೋದರು, ಏನು ಮಾಡಿದರು, ಹೇಗೆ ಬದುಕಿದರು? ಅವರ ದಾಖಲೆ ಎಲ್ಲಾದರೂ ಸಿಗುತ್ತದೆಯೇ?

ಉತ್ತರ: ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಅಜ್ಜ ಯುದ್ಧ ಮಾಡಿದವರು. ಅದರ ಸಾಕ್ಷಿ ನೀವು ಕಳಿಸಿದ ಫೋಟೋದಲ್ಲೇ ಇದೆ.

ಆರು ಮೂಲೆಯ ಕಂಚಿನ ನಕ್ಷತ್ರ, ನಡುವೆ ಕಿರೀಟ, ಆರನೇ ಜಾರ್ಜ್ ದೊರೆಯ ಹೆಸರಿನ ಅಕ್ಷರಗಳು. ಆ ಯುದ್ಧಕ್ಕೆ ಕೊಟ್ಟ ನಕ್ಷತ್ರಗಳೆಲ್ಲ ಒಂದೇ ಅಚ್ಚಿನವು. ಗುರುತು ಹಿಡಿಯಬೇಕಾದದ್ದು ನಡುವಿನ ಬರಹದಿಂದ, ಪಟ್ಟಿಯ ಬಣ್ಣದಿಂದ. ನಿಮ್ಮದರಲ್ಲಿ ಬರಹ ಸವೆದಿದೆ, ಆದರೆ ಪಟ್ಟಿಯ ತುಂಡು ಉಳಿದಿದೆ: ನಡುವೆ ಅಗಲವಾದ ಕೆಂಪು, ಎರಡೂ ಬದಿ ಕಡುನೀಲಿ, ಆ ನೀಲಿಯ ಮಧ್ಯೆ ಒಂದೊಂದು ಕಿತ್ತಳೆ ಗೆರೆ. ಅದು ಬರ್ಮಾ ಸ್ಟಾರ್. ಬರ್ಮಾ ರಣರಂಗ ಎಂದು ಸರ್ಕಾರ ಗುರುತಿಸಿದ್ದ ಪ್ರದೇಶದಲ್ಲಿ ಸೇವೆ ಮಾಡಿದವರಿಗೆ ಮಾತ್ರ ಸಿಗುತ್ತಿತ್ತು. ಖಡಕಿಯಲ್ಲಿ ಕೂತು ಯುದ್ಧ ಕಳೆದವರಿಗಲ್ಲ. ಒಂದು ಮಾತು: ಹೊಳಪು ಬರಲೆಂದು ಅದನ್ನು ಹುಣಸೆಹಣ್ಣು, ಪಾಲಿಶ್ ಏನನ್ನೂ ಹಾಕಿ ತಿಕ್ಕಬೇಡಿ. ಹಿಂಬದಿಯಲ್ಲಿ ನಂಬರು, ಹೆಸರು ಕೆತ್ತಿದ್ದರೆ ಅದೂ ಸವೆದು ಹೋಗುತ್ತದೆ. ಆ ನಂಬರು ನಿಮಗೆ ಮುಂದೆ ಬಹಳ ಬೇಕಾಗುತ್ತದೆ.

ಇನ್ನು ‘ಮರಾಠಿಗರ ಪಲ್ಟಣ’ದ ವಿಷಯ. ಇಂದಿನ ರಾಜ್ಯಗಳ ಗಡಿಯನ್ನು ತಲೆಯಲ್ಲಿಟ್ಟುಕೊಂಡು ನೋಡಿದರೆ ಹಾಗೆ ಅನಿಸುವುದು ಸಹಜ. ಆದರೆ 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಬಾಗಲಕೋಟೆ ಆಗ ವಿಜಾಪುರ ಜಿಲ್ಲೆಯ ಒಂದು ತಾಲೂಕು. ಹಳೇ ಮೈಸೂರಿನ ಕಡೆಯವರಿಗೆ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಹತ್ತಿರ, ನಮ್ಮ ಕಡೆಯವರಿಗೆ ಬೆಳಗಾವಿ ಅಥವಾ ಖಡಕಿ. ಗದಗ–ಹೊಟಗಿ ರೈಲು ಹಿಡಿದು, ಹೊಟಗಿಯಲ್ಲಿ ಗಾಡಿ ಬದಲಿಸಿ, ಸೊಲ್ಲಾಪುರದ ಮೇಲೆ ಪುಣೆಗೆ ಬರುವುದು ಆಗಲೇ ರೂಢಿಯ ದಾರಿ. ‘ಬಾಂಬೆ’ ಎನ್ನುವ ಹೆಸರು ಆ ಇಡೀ ಪ್ರಾಂತ್ಯದ್ದು. ಪ್ರಾಂತ್ಯದ ಹಳೆಯ ಸೈನ್ಯವನ್ನು ‘ಬಾಂಬೆ ಆರ್ಮಿ’ ಎನ್ನುತ್ತಿದ್ದರು. ಮದ್ರಾಸಿಗೆ, ಬಂಗಾಳಕ್ಕೆ ಬೇರೆ ಬೇರೆ ಸೈನ್ಯಗಳಿದ್ದವು. 1895ರಲ್ಲಿ ಮೂರನ್ನೂ ಸೇರಿಸಿ ಒಂದೇ ಭಾರತೀಯ ಸೇನೆ ಮಾಡಿದರು. ಹೆಸರುಗಳು ಮಾತ್ರ ಪಲ್ಟಣಗಳಲ್ಲಿ ಉಳಿದುಕೊಂಡವು.

ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ. ಬ್ರಿಟಿಷರು ಯಾವ ಜಾತಿಯವರು ಕಾದಾಡುವವರು, ಯಾವ ಜಾತಿಯವರು ಅಲ್ಲ ಎಂದು ಪಟ್ಟಿ ಮಾಡಿಕೊಂಡಿದ್ದರು. ಬಾಂಬೆ ಸ್ಯಾಪರ್ಸ್‌ನಲ್ಲಿ ಮರಾಠರು, ಸಿಖ್ಖರು, ಮುಸಲ್ಮಾನರು ಹೆಚ್ಚು. ನಮ್ಮ ಜಿಲ್ಲೆಗಳ ಒಕ್ಕಲು ಮನೆಯ ಹುಡುಗರಿಗೆ ಬಾಗಿಲು ದೊಡ್ಡದಾಗಿ ತೆರೆದದ್ದು 1939ರ ನಂತರ. ಆಗ ಸುಮಾರು 2 ಲಕ್ಷ ಇದ್ದ ಸೇನೆ 1945ರ ಹೊತ್ತಿಗೆ 25 ಲಕ್ಷ ಮುಟ್ಟಿತು. ಅಷ್ಟು ಜನ ಹಳೆಯ ಪಟ್ಟಿಯಿಂದ ಎಲ್ಲಿ ಸಿಗಬೇಕು? ಲಿಂಗಾಯತರದ್ದೇ ಒಂದು ಬೆಟಾಲಿಯನ್, ಕೊಡಗರದ್ದೇ ಒಂದು ಬೆಟಾಲಿಯನ್ ಕಟ್ಟಿದ್ದೂ ಆ ಯುದ್ಧದಲ್ಲೇ. ನಿಮ್ಮ ಅಜ್ಜ ಬಂದದ್ದು ಆ ಅಲೆಯಲ್ಲಿ ಎಂದು ನನ್ನ ಊಹೆ.

ಈಗ ರಸ್ತೆಯ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ ಸಾಲು.

ಸೇನೆಯಲ್ಲಿ ಸ್ಯಾಪರ್ ಎಂದರೆ ಬಂದೂಕು ಹಿಡಿಯಲು ಬಾರದ ಕೂಲಿಯಾಳಲ್ಲ. ಅವನು ಮೊದಲು ಸಿಪಾಯಿ, ಆಮೇಲೆ ಬಡಗಿ, ಗೌಂಡಿ, ಕಮ್ಮಾರ. ಬಂದೂಕಿನ ತಾಲೀಮು ಎಲ್ಲರಷ್ಟೇ ಆಗುತ್ತದೆ, ಅದರ ಮೇಲೆ ಒಂದು ಕಸುಬು ಕಲಿಯಬೇಕು. 1914ರ ಅಕ್ಟೋಬರ್ 28ರಂದು ಫ್ರಾನ್ಸಿನ ನ್ಯೂವ್ ಶಪೆಲ್ ಎಂಬ ಊರನ್ನು ಜರ್ಮನ್ನರಿಂದ ಕಿತ್ತುಕೊಳ್ಳಲು ಕಳಿಸಿದ್ದು ಸಿಖ್ಖರ 47ನೇ ಪಲ್ಟಣವನ್ನು, ಜೊತೆಗೆ ಖಡಕಿಯ ಈ ಸ್ಯಾಪರ್‌ಗಳ 20 ಮತ್ತು 21ನೇ ಕಂಪನಿಗಳನ್ನು. ಅಂದು ಅವರ ಕೈಯಲ್ಲಿ ಗುದ್ದಲಿಗಿಂತ ಬಂದೂಕೇ ಹೆಚ್ಚು ಕೆಲಸ ಮಾಡಿತು. ಮನೆ ಮನೆ ಹೊಕ್ಕು ಬಯೋನೆಟ್ಟಿನಿಂದ ಹೊಡೆದಾಡಿದರು. ಅವರ ಬ್ರಿಟಿಷ್ ಅಧಿಕಾರಿಗಳೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ಅದೇ ಊರಿನಲ್ಲಿ ಇಂದು ಸಮಾಧಿಯೇ ಸಿಗದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರು ಕೆತ್ತಿದ ಸ್ಮಾರಕವಿದೆ.

ಅದು ಅಪರೂಪದ ದಿನ. ಸ್ಯಾಪರ್‌ನ ದಿನನಿತ್ಯದ ಯುದ್ಧ ಬೇರೆ. ಶತ್ರು ಹಿಂದೆ ಸರಿಯುವಾಗ ಸೇತುವೆ ಹಾರಿಸುತ್ತಾನೆ, ದಾರಿಗೆ ಮರ ಕಡಿದು ಉರುಳಿಸುತ್ತಾನೆ, ಮಣ್ಣಿನಡಿ ನೆಲಬಾಂಬ್ ಹುಗಿಯುತ್ತಾನೆ, ಆಮೇಲೆ ದೂರದ ಗುಡ್ಡದ ಮೇಲೆ ಮಷಿನ್‌ಗನ್ ಇಟ್ಟುಕೊಂಡು ಕಾಯುತ್ತಾನೆ. ಹಿಂದೆ ಟ್ಯಾಂಕುಗಳು, ಸಾವಿರಾರು ಜನ, ಗಾಯಾಳುಗಳ ಗಾಡಿ, ರೇಶನ್ ಗಾಡಿ ಎಲ್ಲ ನಿಂತಿವೆ. ಮುಂದೆ ಹೋಗಬೇಕಾದವನು ಒಬ್ಬ ಸ್ಯಾಪರ್. ಹೊಟ್ಟೆಯ ಮೇಲೆ ಮಲಗಿ ಬಯೋನೆಟ್ಟನ್ನು ಓರೆಯಾಗಿ, ಮೆಲ್ಲಗೆ, ಗೇಣಿಗಿಂತ ಕಡಿಮೆ ಅಂತರದಲ್ಲಿ ಮಣ್ಣಿಗೆ ಚುಚ್ಚುತ್ತಾ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಬಾಂಬಿನ ನೆತ್ತಿಗೆ ತಾಗಿ ಸಿಡಿಯುತ್ತದೆ. ಓರೆಯಾಗಿ ಚುಚ್ಚಿದರೆ ಪಕ್ಕೆಗೆ ತಾಗಿ ಗಟ್ಟಿ ಎನಿಸುತ್ತದೆ. ಆಗ ಬಯೋನೆಟ್ ಬದಿಗಿಟ್ಟು ಬೆರಳಿನಿಂದ ಸುತ್ತಲಿನ ಮಣ್ಣು ಬಿಡಿಸಬೇಕು. ಕೆಳಗೆ ಇನ್ನೊಂದು ಬಾಂಬಿಗೆ ತಂತಿ ಕಟ್ಟಿದ್ದಾರೆಯೇ ಎಂದು ತಡವಿ ನೋಡಬೇಕು. ತೆರವಾದಷ್ಟು ಜಾಗದ ಎರಡೂ ಅಂಚಿಗೆ ಬಿಳಿ ಪಟ್ಟಿ ಹಾಸಬೇಕು. ಇದೆಲ್ಲ ಗುಂಡು ಬರುತ್ತಿರುವಾಗ. ತಿರುಗಿ ಗುಂಡು ಹಾರಿಸಲು ಅವನ ಎರಡೂ ಕೈ ಖಾಲಿ ಇರುವುದಿಲ್ಲ. ಇದನ್ನು ‘ಲಡಾಯಿ ಅಲ್ಲ’ ಅನ್ನುವುದು ಹೇಗೆ?

ಈ ಪಲ್ಟಣದ ಎರಡು ಹೆಸರುಗಳನ್ನು ಪುಣೆಯ ಪ್ರತಿ ಕನ್ನಡ ಮನೆಯ ಮಕ್ಕಳೂ ತಿಳಿದಿರಬೇಕು ಎಂದು ನನ್ನ ಆಸೆ. ಇಬ್ಬರೂ 1918ರಲ್ಲಿ ಹುಟ್ಟಿದವರು, ಇಬ್ಬರೂ ನೆಲಬಾಂಬ್ ತೆಗೆದೇ ಅತಿ ದೊಡ್ಡ ಪದಕ ಪಡೆದವರು. ಒಬ್ಬರು ಪ್ರೇಮೀಂದ್ರ ಸಿಂಗ್ ಭಗತ್. 1941ರ ಜನವರಿ ಕೊನೆಯಿಂದ ಫೆಬ್ರವರಿ ಆರಂಭದವರೆಗೆ ಇಥಿಯೋಪಿಯಾದ ಮೆಟೆಮ್ಮಾ ಕಡೆಯ ರಸ್ತೆಯಲ್ಲಿ ಸತತ 4 ದಿನ, 55 ಮೈಲಿ ಉದ್ದಕ್ಕೂ ದಂಡಿನ ಎಲ್ಲಕ್ಕಿಂತ ಮುಂದಿನ ಗಾಡಿಯಲ್ಲಿ ಸಾಗಿ 15 ಕಡೆ ಹುಗಿದಿದ್ದ ನೆಲಬಾಂಬ್ ತೆಗೆಸಿದರು. ಅವರ ಗಾಡಿ ಎರಡು ಸಲ ಸಿಡಿಯಿತು, ಕಿವಿಯ ತಮಟೆ ಹರಿಯಿತು, ಆದರೂ ಬಿಟ್ಟು ಬರಲಿಲ್ಲ. ಆ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಅಧಿಕಾರಿ ಅವರು. ಅವರಿದ್ದದ್ದೂ ನ್ಯೂವ್ ಶಪೆಲ್‌ನಲ್ಲಿ ಕಾದಿದ ಅದೇ 21ನೇ ಕಂಪನಿಯಲ್ಲಿ.

ಇನ್ನೊಬ್ಬರು ನಮ್ಮವರೇ. ರಾಮ ರಾಘೋಬಾ ರಾಣೆ, ಕಾರವಾರದ ಹತ್ತಿರದ ಚೆಂಡಿಯಾದವರು. ತಂದೆ ಪೊಲೀಸ್ ಕಾನ್‌ಸ್ಟೆಬಲ್. 1940ರ ಜುಲೈನಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ, ಅಂದರೆ ಇದೇ ಬಾಂಬೆ ಸ್ಯಾಪರ್ಸ್‌ಗೆ, ಸಾಮಾನ್ಯ ಸಿಪಾಯಿಯಾಗಿ ಸೇರಿದರು. ತಾಲೀಮಿನಲ್ಲಿ ಅತ್ಯುತ್ತಮ ರಂಗರೂಟ್ (ಹೊಸ ಸಿಪಾಯಿ) ಎನಿಸಿಕೊಂಡು ಕಮಾಂಡೆಂಟರ ಬೆತ್ತ ಪಡೆದರು. ಬರ್ಮಾದಲ್ಲಿ ಕಾದಿ ಹವಾಲ್ದಾರರಾದರು. ನಿಮ್ಮ ಅಜ್ಜ ಇದ್ದ ಅದೇ ಬರ್ಮಾ. 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ನಾಲ್ಕೇ ತಿಂಗಳಿಗೆ ಕಾಶ್ಮೀರದಲ್ಲಿ ನೌಶೇರಾ–ರಾಜೌರಿ ರಸ್ತೆಯ ಕೆಲಸ ಅವರ ಪಾಲಿಗೆ ಬಂತು.

ಆ ನಾಲ್ಕು ದಿನಗಳ ಲೆಕ್ಕ ಪರಮವೀರ ಚಕ್ರದ ಅಧಿಕೃತ ವಿವರಣೆಯಲ್ಲಿ ಗಂಟೆ ಗಂಟೆಯದ್ದೂ ಇದೆ. 1948ರ ಏಪ್ರಿಲ್ 8ರಂದು ಕೆಲಸ ಶುರು ಮಾಡುವ ಮುಂಚೆಯೇ ಮಾರ್ಟರ್ ಶೆಲ್ ಬಿದ್ದು ಅವರ ತಂಡದ ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆಯವರೂ ಒಬ್ಬರು. ಉಳಿದವರನ್ನು ಕೂಡಿಸಿಕೊಂಡು ರಾತ್ರಿ 10 ಗಂಟೆವರೆಗೆ ಕೆಲಸ. ಮರುದಿನ ಬೆಳಗ್ಗೆ 6ಕ್ಕೆ ಮತ್ತೆ ಶುರು, ಮಧ್ಯಾಹ್ನ 3ಕ್ಕೆ ಟ್ಯಾಂಕುಗಳಿಗೆ ಬಳಸುದಾರಿ ಸಿದ್ಧ. ಅಲ್ಲಿಂದ ಅರ್ಧ ಮೈಲಿಗೆ ದಾರಿಗಡ್ಡ ಪೈನ್ ಮರಗಳು, ಅವನ್ನು ಸಿಡಿಸಿದರು. ಮತ್ತೆ 300 ಗಜಕ್ಕೆ ಅದೇ ಕಥೆ. ಮುಂದೆ ಒಡೆದ ಮೋರಿ. ಸಂಜೆ ಬೆಳಕು ಕಂತುವಾಗ ಐದು ದೊಡ್ಡ ಪೈನ್ ಮರಗಳ ಅಡ್ಡಗಟ್ಟು, ಸುತ್ತ ನೆಲಬಾಂಬ್, ಮೇಲಿನಿಂದ ಮಷಿನ್‌ಗನ್. 10ನೇ ತಾರೀಖು ನಸುಕಿನ 4.45ಕ್ಕೆ ಅದಕ್ಕೆ ಕೈ ಹಚ್ಚಿ 6.30ಕ್ಕೆ ಮುಗಿಸಿದರು. ಟ್ಯಾಂಕುಗಳು ತಾವಿ ನದಿಯ ಪಾತ್ರಕ್ಕೆ ಇಳಿದು ಮುಂದೆ ಹೋದ ಮೇಲೂ, ಹಿಂದೆ ಬರುವ ಸಾಮಾನಿನ ಗಾಡಿಗಳಿಗೆ ರಸ್ತೆ ಬೇಕಲ್ಲ ಎಂದು ಅನ್ನ ನಿದ್ದೆ ಇಲ್ಲದೆ ರಾತ್ರಿ 9ರವರೆಗೆ ದುಡಿದರು. 11ರಂದು ಬೆಳಗ್ಗೆ 11 ಗಂಟೆಗೆ ಚಿಂಗಸ್‌ವರೆಗಿನ ರಸ್ತೆ ತೆರೆಯಿತು. ಅಂದು ರಾತ್ರಿ 10ರವರೆಗೂ ಅದರಾಚೆಯ ದಾರಿ ತೆರವು ಮಾಡುತ್ತಲೇ ಇದ್ದರು.

ಈ ಇಡೀ ವಿವರಣೆಯಲ್ಲಿ ರಾಣೆಯವರು ಒಬ್ಬ ಶತ್ರುವನ್ನೂ ಕೊಂದದ್ದಾಗಿ ಬರೆದಿಲ್ಲ. ಇರುವುದೆಲ್ಲ ರಸ್ತೆ, ಮರ, ಮೋರಿ, ನೆಲಬಾಂಬ್. ದೇಶ ಅದಕ್ಕೆ ಪರಮವೀರ ಚಕ್ರ ಕೊಟ್ಟಿತು. ಬದುಕಿದ್ದಾಗಲೇ ಅದನ್ನು ಪಡೆದ ಮೊದಲಿಗರಲ್ಲಿ ಅವರೂ ಒಬ್ಬರು. ನಿಮ್ಮ ಮನೆಯಲ್ಲಿ ಮುಂದಿನ ಸಲ ಆ ಮಾತು ಬಂದಾಗ ಈ ಪುಟವನ್ನು ಓದಿ ಹೇಳಿ. ರಾಣೆಯವರು ಮೇಜರ್ ಆಗಿ ನಿವೃತ್ತರಾಗಿ, 1994ರ ಜುಲೈ 11ರಂದು ತೀರಿಕೊಂಡದ್ದು ನಮ್ಮ ಪುಣೆಯ ಕಮಾಂಡ್ ಆಸ್ಪತ್ರೆಯಲ್ಲಿ. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯಿದೆ. ಅಂಡಮಾನಿನ ಒಂದು ದ್ವೀಪಕ್ಕೆ 2023ರಲ್ಲಿ ಅವರ ಹೆಸರಿಟ್ಟರು. ಮನೆಮಾತು ಕೊಂಕಣಿ, ಜಿಲ್ಲೆ ಕನ್ನಡದ್ದು, ಪಲ್ಟಣ ಬಾಂಬೆಯದ್ದು. ಈ ಮೂರರಲ್ಲಿ ಯಾವುದನ್ನೂ ಬಿಟ್ಟು ಅವರ ಕಥೆ ಹೇಳಲು ಬರುವುದಿಲ್ಲ.

ಬರ್ಮಾದಲ್ಲಿ ನಿಮ್ಮ ಅಜ್ಜ ಯಾವ ಕಂಪನಿಯಲ್ಲಿದ್ದರು ಎಂದು ತಿಳಿಯದೆ ಅವರು ಇಂಥಲ್ಲೇ ಇದ್ದರು ಎಂದು ಹೇಳಲಾರೆ. ಆದರೆ ಅಲ್ಲಿನ ಸ್ಯಾಪರ್‌ಗಳ ಕೆಲಸ ಹೇಗಿತ್ತು ಎಂದು ಹೇಳಬಲ್ಲೆ. ಆ ನಾಡಿನಲ್ಲಿ ಮಳೆ ಶುರುವಾದರೆ ರಸ್ತೆ ಇರುವುದಿಲ್ಲ, ಬರೀ ರಾಡಿ. ಅರಾಕಾನಿನಲ್ಲಿ ಕಲ್ಲು ಸಿಗದೆ ಇಟ್ಟಿಗೆ ಸುಟ್ಟು ರಸ್ತೆಗೆ ಹಾಸಿದರು. ಬೇರೆ ಕಡೆ ಗೋಣಿತಟ್ಟನ್ನು ಡಾಂಬರಿನಲ್ಲಿ ಅದ್ದಿ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಮೈಲಿಗಟ್ಟಲೆ ಹಾಸಿದರು. ಅದರ ಮೇಲೆ ಲಾರಿಗಳು ಓಡಿದವು. 1944ರ ಡಿಸೆಂಬರ್‌ನಲ್ಲಿ ಕಲೇವಾದ ಹತ್ತಿರ ಚಿಂದ್ವಿನ್ ನದಿಗೆ 14ನೇ ಸೇನೆಯ ಎಂಜಿನಿಯರ್‌ಗಳು ತೇಲುವ ಬೈಲಿ ಸೇತುವೆ (ಬಿಡಿ ಚೌಕಟ್ಟುಗಳನ್ನು ಜೋಡಿಸಿ ಕಟ್ಟುವ ಸೇತುವೆ) ಹಾಕಿದರು, ಉದ್ದ 1,154 ಅಡಿ. ಬೈಲಿ ಸೇತುವೆಯ ಒಂದು ಕಬ್ಬಿಣದ ಚೌಕಟ್ಟು 10 ಅಡಿ ಉದ್ದ, ತೂಕ 570 ಪೌಂಡು, ಅಂದರೆ ಸುಮಾರು 259 ಕಿಲೋ. ಅದನ್ನು ಎತ್ತಲು ಆರು ಜನ. ತಲೆಗೆ 40 ಕಿಲೋ ದಾಟುತ್ತದೆ. ರಾತ್ರಿ, ದೀಪವಿಲ್ಲದೆ, ಕೆಸರಿನಲ್ಲಿ, ಒಬ್ಬರ ಉಸಿರಿಗೆ ಇನ್ನೊಬ್ಬರು ಉಸಿರು ಕೂಡಿಸಿ ಎತ್ತಬೇಕು. ಒಬ್ಬನ ಕಾಲು ಜಾರಿದರೆ ಉಳಿದ ಐವರ ಕೈ ಹೋಯಿತು. ಮರಾಠ, ಸಿಖ್, ಮುಸಲ್ಮಾನ, ಲಿಂಗಾಯತ ಎಂದು ಕಾಗದದಲ್ಲಿ ಬೇರೆ ಬೇರೆ ಬರೆದುಕೊಂಡ ಹುಡುಗರನ್ನು ಒಂದು ಮಾಡಿದ್ದು ಯಾರ ಭಾಷಣವೂ ಅಲ್ಲ, ಇಂಥ ಭಾರ.

ಆ ನೋಟ್‌ಬುಕ್ಕಿಗೆ ಬರುತ್ತೇನೆ. ಅದು ರೋಮನ್ ಉರ್ದು. ಬ್ರಿಟಿಷ್ ಕಾಲದ ಸೇನೆಯಲ್ಲಿ ಬೇರೆ ಬೇರೆ ಭಾಷೆಯ ಸಿಪಾಯಿಗಳಿಗೆಲ್ಲ ಹಿಂದುಸ್ತಾನಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕಲಿಸುತ್ತಿದ್ದರು. ಅದರಲ್ಲೇ ಪಾಠ, ಅದರಲ್ಲೇ ಪರೀಕ್ಷೆ, ಆ ಪರೀಕ್ಷೆ ಪಾಸಾದರೆ ಸರ್ಟಿಫಿಕೇಟ್, ಸರ್ಟಿಫಿಕೇಟ್ ಇದ್ದರೆ ಬಡ್ತಿಗೆ ದಾರಿ. ಹಳ್ಳಿಯಲ್ಲಿ ಅಕ್ಷರವೇ ಕಲಿಯದೆ ಬಂದ ಎಷ್ಟೋ ಹುಡುಗರು ಮೊದಲು ಓದಿದ್ದು, ಬರೆದದ್ದು ಈ ರೋಮನ್ ಉರ್ದುವಿನಲ್ಲಿ. ನೀವು ಕಳಿಸಿದ ಪುಟದಲ್ಲಿ ಎರಡು ಬೊಂಬುಗಳನ್ನು ಅಡ್ಡಡ್ಡ ಇಟ್ಟು ಹಗ್ಗ ಸುತ್ತುವ ಚಿತ್ರವಿದೆ. ಪಕ್ಕದಲ್ಲಿ ‘ರಸ್ಸಾ’, ‘ಬಲ್ಲಿ’, ‘ಗಾಂಠ್’ ಎಂಬ ಪದಗಳು. ರಂಗರೂಟ್ ಸ್ಯಾಪರ್ ಮೊದಲು ಕಲಿಯುವ ಪಾಠ ಅದು. ಮೊದಲು ಒಂದು ಬೊಂಬಿಗೆ ಗಂಟು ಹಾಕಬೇಕು, ಆಮೇಲೆ ಎರಡನ್ನೂ ಸೇರಿಸಿ ಸುತ್ತಬೇಕು. ಕೊನೆಯಲ್ಲಿ ಎರಡು ಬೊಂಬುಗಳ ನಡುವೆ ಹಗ್ಗವನ್ನೇ ಬಳಸಿ ಅಡ್ಡ ಸುತ್ತು ಹಾಕಿ ಎಳೆದರೆ ಮಾತ್ರ ಕಟ್ಟು ಬಿಗಿಯುತ್ತದೆ. ನಿಮ್ಮ ಅಜ್ಜ ಆ ಕೊನೆಯ ಸುತ್ತನ್ನು ಎರಡು ಸಲ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಉಳಿದ ಪುಟಗಳನ್ನು ನೀವೇ ಜೋರಾಗಿ ಓದಿ ನೋಡಿ. ಕಣ್ಣಿಗೆ ಅರ್ಥವಾಗದ್ದು ಕಿವಿಗೆ ಹಿಂದಿಯಾಗಿ ಕೇಳಿಸುತ್ತದೆ.

ಇನ್ನು ಬದುಕು ಹೇಗಿತ್ತು ಎಂದು ಕೇಳಿದ್ದೀರಿ. ನಿವೃತ್ತ ಫೌಜಿಗಳ ಮನೆಗಳಲ್ಲಿ ನಾನು ಕೇಳಿಕೊಂಡು ಬಂದದ್ದು ಬಹುಮಟ್ಟಿಗೆ ಒಂದೇ ತರಹ ಇರುತ್ತದೆ. ಬ್ಯಾರಕ್ಕಿನಲ್ಲಿ ಸಾಲು ಮಂಚ, ಮಂಚದ ಕೆಳಗೆ ಕಪ್ಪು ಟ್ರಂಕು, ಲಂಗರಿನಲ್ಲಿ (ಪಲ್ಟಣದ ಅಡುಗೆಮನೆಯಲ್ಲಿ) ಗೋಧಿ ರೊಟ್ಟಿ, ದಾಲ್. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಮೊದಲ ತಿಂಗಳು ಹೊಟ್ಟೆ ತುಂಬಿದಂತೆಯೇ ಆಗುತ್ತಿರಲಿಲ್ಲವಂತೆ. ಬೆಳಗ್ಗೆ ಪರೇಡ್, ಆಮೇಲೆ ಕಸುಬಿನ ಶಾಲೆ, ಸಂಜೆ ಆಟ. ದಸರೆಗೆ ಹತಾರುಗಳ ಪೂಜೆ, ಗಣಪತಿ ಹಬ್ಬ, ದೊಡ್ಡ ದಿನಗಳಂದು ಅಧಿಕಾರಿಗಳೂ ಸಿಪಾಯಿಗಳೂ ಒಟ್ಟಿಗೆ ಕೂತು ಉಣ್ಣುವ ಬಡಾಖಾನಾ. ಪಗಾರದಲ್ಲಿ ಒಂದು ಪಾಲು ಮನೆಗೆ ಹೋಗುವಂತೆ ಬರೆದುಕೊಡಬಹುದಿತ್ತು. ಯುದ್ಧದ ವರ್ಷಗಳಲ್ಲಿ ಎಷ್ಟೋ ತಾಯಂದಿರಿಗೆ ಮಗ ಬದುಕಿದ್ದಾನೆ ಎಂಬುದಕ್ಕೆ ಆ ಮನಿಯಾರ್ಡರೇ ಗುರುತು. ಒಂದು ತಿಂಗಳು ತಡವಾದರೆ ಮನೆಯಲ್ಲಿ ಒಲೆ ಹಚ್ಚಲು ಮನಸ್ಸಿರುತ್ತಿರಲಿಲ್ಲ ಎಂದು ಹೇಳಿದವರಿದ್ದಾರೆ.

ಈ ಸೈನ್ಯದ ಸಾಮಾಜಿಕ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಶಾಲೆಗಳು. ಬಾಂಬೆ ಆರ್ಮಿಯ ಹಳೆಯ ಕಾಲದಲ್ಲಿ, ಊರಿನವರು ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಮಹಾರ್ ಜಾತಿಯ ಸಿಪಾಯಿಗಳು ಬಹಳ ಇದ್ದರು. ಪುಣೆಯ ಹತ್ತಿರ ಭೀಮಾ ಕೋರೆಗಾಂವ್‌ನಲ್ಲಿ 1818ರ ಜನವರಿ 1ರಂದು ಕಾದಿದ ಪಲ್ಟಣ ಬಾಂಬೆ ನೇಟಿವ್ ಇನ್‌ಫೆಂಟ್ರಿಯದ್ದು, ಅಲ್ಲಿನ ಕಂಬದ ಮೇಲೆ ಕೆತ್ತಿದ 49 ಹೆಸರುಗಳಲ್ಲಿ 22 ಮಹಾರರದ್ದು. ಊರಿನಲ್ಲಿ ಶಾಲೆಯ ಮೆಟ್ಟಿಲು ಹತ್ತಲು ಬಿಡದ ಕಾಲದಲ್ಲಿ ಪಲ್ಟಣದ ಶಾಲೆಯಲ್ಲಿ ಸಿಪಾಯಿಯ ಮಕ್ಕಳು ಗಂಡು ಹೆಣ್ಣೆನ್ನದೆ ಕೂತು ಕಲಿಯುತ್ತಿದ್ದರು. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರು ಸುಬೇದಾರರಾಗಿದ್ದವರು, ಸೈನ್ಯದ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಮಗನ ಓದಿಗೆ ಅವರು ಪಟ್ಟ ಪಾಡಿನ ಬೇರು ಅಲ್ಲಿದೆ. 1890ರ ದಶಕದ ಆರಂಭದಲ್ಲಿ ಬ್ರಿಟಿಷರು ಮಹಾರರ ಭರ್ತಿ ನಿಲ್ಲಿಸಿದಾಗ ಹೋದದ್ದು ನೌಕರಿ ಮಾತ್ರವಲ್ಲ, ಶಾಲೆ, ಪೆನ್ಶನ್, ಮರ್ಯಾದೆ ಎಲ್ಲ ಒಟ್ಟಿಗೆ ಹೋದವು. ಅದೇ ಸೈನ್ಯದಿಂದ ನಿವೃತ್ತರಾದ ಗೋಪಾಳ ಬಾಬಾ ವಲಂಗಕರ್ ಕೊಂಕಣದ ದಾಪೋಲಿಯಲ್ಲಿ ಕೂತು ಅದರ ವಿರುದ್ಧ ಅರ್ಜಿ ಬರೆದರು. ಬಾಗಿಲು ಮತ್ತೆ ಸ್ಥಿರವಾಗಿ ತೆರೆದದ್ದು 1941ರ ಅಕ್ಟೋಬರ್ 1ರಂದು, ಮಹಾರ್ ರೆಜಿಮೆಂಟ್ ಹುಟ್ಟಿದಾಗ. ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಸೈನ್ಯದ ಸಾಧನೆ ಎಂದರೆ ಗೆದ್ದ ಕೋಟೆಗಳನ್ನು ಮಾತ್ರ ಎಣಿಸುವವರು ಈ ಶಾಲೆಗಳನ್ನೂ ಎಣಿಸಬೇಕು.

ಇಲ್ಲಿ ಒಂದು ಕಹಿಯನ್ನೂ ಹೇಳಬೇಕು, ಕನ್ನಡಿಗನಾಗಿ ಅದನ್ನು ಮುಚ್ಚಿಡಲಾರೆ. 1824ರಲ್ಲಿ ಚೆನ್ನಮ್ಮನ ಕಿತ್ತೂರನ್ನು ಮುತ್ತಿದ್ದು ಈಸ್ಟ್ ಇಂಡಿಯಾ ಕಂಪನಿಯ ದಂಡು. ಬಾಂಬೆ ಆರ್ಮಿ ಆ ಕಂಪನಿಯದ್ದೇ ಸೈನ್ಯ. 1857ರ ಜುಲೈ 31ರಂದು ಕೊಲ್ಲಾಪುರದಲ್ಲಿ ಬಂಡೆದ್ದದ್ದೂ ಅದರದ್ದೇ 27ನೇ ಪಲ್ಟಣ. ಹೊಟ್ಟೆಪಾಡಿಗೆ ಸೇರಿದವರು, ಆಳುವವರ ಪರ ನಿಂತವರು, ಅವರ ವಿರುದ್ಧ ತಿರುಗಿದವರು ಎಲ್ಲ ಅದೇ ಸಮವಸ್ತ್ರದಲ್ಲಿ ಇದ್ದರು. ನಿಮ್ಮ ಅಜ್ಜನಂಥವರನ್ನು ಗೌರವಿಸಲು ಆ ಸಾಮ್ರಾಜ್ಯವನ್ನು ಗೌರವಿಸಬೇಕಾಗಿಲ್ಲ.

ಸ್ವಾತಂತ್ರ್ಯದ ನಂತರದ ಒಂದು ರಾತ್ರಿಯನ್ನು ಹಳೆಯ ಪುಣೆಯವರು ಮರೆತಿಲ್ಲ. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು ಮುಠಾ ನದಿ ಊರಿಗೆ ನುಗ್ಗಿತು. ಅದರ ಹಿಂದಿನ ರಾತ್ರಿ, ಸುರಿಯುವ ಮಳೆಯಲ್ಲಿ, ಕುಸಿಯುತ್ತಿದ್ದ ಕಟ್ಟೆಯ ಮೇಲೆ ನಿಂತು ಮರಳಿನ ಚೀಲ ಪೇರಿಸಿದವರು ಸೇನೆಯ ಎಂಜಿನಿಯರ್ ಜವಾನರು. ಕಟ್ಟೆ ಉಳಿಯಲಿಲ್ಲ. ಆದರೆ ಒಡೆದದ್ದು ಬೆಳಗಾದ ಮೇಲೆ. ನಿದ್ದೆಯಲ್ಲಿ ಕೊಚ್ಚಿಹೋಗಬೇಕಿದ್ದ ಎಷ್ಟೋ ಜನ ಎದ್ದು ಓಡಲು ಅಷ್ಟು ಹೊತ್ತು ಸಾಕಾಯಿತು.

ನೀವಿರುವ ದಾಪೋಡಿ, ಖಡಕಿಯ ಸುತ್ತಲೇ ನೋಡಲು ಇನ್ನೂ ಬಹಳವಿದೆ. ಮಿಲಿಟರಿ ಎಂಜಿನಿಯರಿಂಗ್ ಕಾಲೇಜು ನಿಮ್ಮ ಮನೆಯ ಪಕ್ಕದಲ್ಲೇ ಇದೆ. ಸೇನೆಯ ದೋಣಿ ಓಟದವರು ತಯಾರಾಗುವುದು ಅಲ್ಲಿ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ, 2018ರ ಏಷ್ಯನ್ ಗೇಮ್ಸ್‌ನಲ್ಲಿ ತಂಡದೊಂದಿಗೆ ಚಿನ್ನ ಗೆದ್ದ ದತ್ತು ಭೋಕನಳ್ ಬಾಂಬೆ ಸ್ಯಾಪರ್ಸ್‌ನ ಜವಾನ. ನಾಸಿಕ್ ಕಡೆಯ ಬರದ ಊರಿನಲ್ಲಿ ಬಾವಿ ತೋಡುತ್ತಿದ್ದ ಹುಡುಗ, ಸೈನ್ಯಕ್ಕೆ ಬಂದ ಮೇಲೆ ಹುಟ್ಟು ಹಿಡಿದವರು. ಖಡಕಿಯಲ್ಲೇ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. 1917ರಲ್ಲಿ ಮುಂಬಯಿಯಲ್ಲಿ ಶುರುವಾದ ಸಂಸ್ಥೆ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಕಸುಬು ಕಲಿಸಲು ಹುಟ್ಟಿದ್ದು. ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾರದ ಸೈನಿಕರಿಗಾಗಿ 1974ರಿಂದ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಶನ್ ಸೆಂಟರ್ ನಡೆಯುತ್ತಿದೆ. ಅಲ್ಲಿ ಗಾಲಿಕುರ್ಚಿಯಲ್ಲಿ ಬಾಸ್ಕೆಟ್‌ಬಾಲ್ ಆಡುವವರಿದ್ದಾರೆ, ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುವವರಿದ್ದಾರೆ. ನಮ್ಮ ಕನ್ನಡ ಮಂದಿ ದೀಪಾವಳಿಗೆ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಬಂದರೆ ಎಷ್ಟು ಚೆನ್ನ. ಹೋಗುವ ಮುನ್ನ ಅನುಮತಿ ಕೇಳಿಕೊಳ್ಳಿ.

ಕೊನೆಗೆ ದಾಖಲೆ. ಸ್ಯಾಪರ್‌ಗಳ ಸೇವಾ ದಾಖಲೆ ನೋಡಿಕೊಳ್ಳುವುದು ಖಡಕಿಯಲ್ಲೇ ಇರುವ ಬಾಂಬೆ ಎಂಜಿನಿಯರ್ ಗ್ರೂಪ್‌ನ ರೆಕಾರ್ಡ್ಸ್ ಕಚೇರಿ. ಗೇಟಿನಲ್ಲಿ ನಿಂತು ಕೇಳಿದರೆ ಕೆಲಸವಾಗುವುದಿಲ್ಲ, ಅಂಚೆಯಲ್ಲಿ ಅರ್ಜಿ ಕಳಿಸಿ. ಅದರಲ್ಲಿ ಮೊದಲು ಬೇಕಾದದ್ದು ಅಜ್ಜನ ಆರ್ಮಿ ನಂಬರು. ಪದಕದ ಹಿಂಬದಿ, ಡಿಸ್ಚಾರ್ಜ್ ಬುಕ್, ಪೆನ್ಶನ್ ಕಾಗದ, ನೋಟ್‌ಬುಕ್ಕಿನ ಮೊದಲ ಪುಟ, ಟ್ರಂಕಿನ ಮುಚ್ಚಳ, ಇವಿಷ್ಟನ್ನೂ ಸರಿಯಾಗಿ ನೋಡಿ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಸುವ ರೂಢಿ ಇತ್ತು, ಮೇಲೆ ಬೇರೆ ಬಣ್ಣ ಬಳಿದಿದ್ದರೂ ಓರೆ ಬೆಳಕಿನಲ್ಲಿ ಅಕ್ಷರ ಕಾಣಬಹುದು. ನಂಬರು ಸಿಗದಿದ್ದರೆ ಹೆಸರು, ತಂದೆಯ ಹೆಸರು, ಹಳ್ಳಿ, ತಾಲೂಕು, ಅಂದಿನ ಜಿಲ್ಲೆಯಾದ ವಿಜಾಪುರ, ಸೇರಿದ ವರ್ಷ ಇಷ್ಟನ್ನೂ ಬರೆಯಿರಿ. ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕೈದು ತರಹ ಬರೆದು ಕಳಿಸಿ. ನಮ್ಮ ಕಡೆಯ ‘ಮಲ್ಲಪ್ಪ’, ‘ಬಸಪ್ಪ’ಗಳನ್ನು ಅಂದಿನ ಗುಮಾಸ್ತರು ಮರಾಠಿ ಕಿವಿಯಲ್ಲಿ ಕೇಳಿ ತಮಗೆ ತೋಚಿದಂತೆ ಬರೆದಿರುತ್ತಾರೆ. ಅಡ್ಡಹೆಸರಿನ ಜಾಗದಲ್ಲಿ ಊರಿನ ಹೆಸರೋ ತಂದೆಯ ಹೆಸರೋ ಇರಬಹುದು. ನಿಮ್ಮ ತಾಯಿಯ ಗುರುತಿನ ಚೀಟಿ, ಅಜ್ಜನಿಗೂ ಅವರಿಗೂ ಇರುವ ಸಂಬಂಧ ತೋರಿಸುವ ಕಾಗದದ ಪ್ರತಿಯನ್ನು ಜೊತೆಗಿಡಿ. ಬಾಗಲಕೋಟೆ ಭಾಗದ ಮಾಜಿ ಸೈನಿಕರ ಕೆಲಸ ನೋಡುವ ಸೈನಿಕ ಕಲ್ಯಾಣ ಕಚೇರಿಗೂ ಒಂದು ಪ್ರತಿ ಕಳಿಸಿ. ಹಳ್ಳಿಯ ಮಾಜಿ ಸೈನಿಕರ ಹಳೆಯ ಪಟ್ಟಿ ಒಮ್ಮೊಮ್ಮೆ ಅಲ್ಲೇ ಸಿಗುತ್ತದೆ.

ಉತ್ತರ ಬರಲು ತಿಂಗಳುಗಳು ಹಿಡಿಯಬಹುದು. ಅಷ್ಟರಲ್ಲಿ ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ತಾರೀಖು, ನದಿಯ ಹೆಸರು, ಊರಿನ ಹೆಸರಿನಂತೆ ಕಾಣುವುದು ಏನಿದ್ದರೂ ಬೇರೆ ಹಾಳೆಯಲ್ಲಿ ಬರೆದು ನನಗೆ ಕಳಿಸಿ. ಕಂಪನಿಯ ನಂಬರು ಒಂದು ಸಿಕ್ಕರೆ ಸಾಕು, ಅವರು ಬರ್ಮಾದಲ್ಲಿ ಯಾವ ದಾರಿಯಲ್ಲಿ ನಡೆದರು ಎಂದು ನಕ್ಷೆಯ ಮೇಲೆ ಗುರುತಿಸಲು ಕೂರೋಣ.